ಭಾರ ಹೊರುವವರು ಯಾರು?

ಹಿರಿಯೂರು ತಾಲ್ಲೂಕಿನ ಮಾರಿಕಣಿವೆ ಕಟ್ಟೆಯ ಎತ್ತರ ಸುಮಾರು 162 ಅಡಿ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಈ ಕಟ್ಟೆ ಕಲ್ಲು, ಗಾರೆಯದು. ಅದಕ್ಕೂ ಮುಂಚೆ, 1885ರಲ್ಲಿ, ಅಮೆರಿಕದ ಶಿಕಾಗೊದಲ್ಲಿ ವಿಲಿಯಂ ಲೆ ಬ್ಯಾರನ್ ಜೆನ್ನಿ ಎಂಬ ಎಂಜಿನಿಯರ್ ಹೋಮ್ ಇನ್ಶೂರೆನ್ಸ್ ಕಟ್ಟಡವನ್ನು ಕಬ್ಬಿಣ, ಉಕ್ಕಿನ ಚೌಕಟ್ಟಿನ ಮೇಲೆ ಹತ್ತು ಮಹಡಿ ಎಬ್ಬಿಸಿದ್ದರು. ಎತ್ತರ 138 ಅಡಿ. ಹಾಗೆಂದು ಮಾರಿಕಣಿವೆ ಕಟ್ಟಿದವರು ಹಿಂದೆ ಬಿದ್ದಿದ್ದರು ಎಂದುಕೊಳ್ಳಬೇಡಿ.

ಕಟ್ಟೆಯ ಹಿಂದೆ ವೇದಾವತಿ ನದಿಯ ನೀರು 130 ಅಡಿ ನಿಂತರೆ ತಳದಲ್ಲಿ ಚದರ ಮೀಟರಿಗೆ ಹೆಚ್ಚುಕಡಿಮೆ 40 ಟನ್ ಒತ್ತಡ. ಆ ನೂಕಿಗೆ ಕಟ್ಟೆ ಜಾರದೆ, ಮಗುಚದೆ ನಿಲ್ಲುವುದು ತನ್ನ ತೂಕದಿಂದಲೇ. ಹಿಂದೊಮ್ಮೆ ಕೋಡಿ ಬಿದ್ದ 89 ವರ್ಷಗಳ ಮೇಲೆ, 2022ರಲ್ಲಿ ಮತ್ತೆ ಕೋಡಿ ಬಿದ್ದಾಗಲೂ ಅದನ್ನು ಕಾಯ್ದದ್ದು ಆ ತೂಕವೇ.

ಮಹಡಿ ಕಟ್ಟಡಕ್ಕೆ ಈ ತೂಕವೇ ಕಂಟಕ. ಗೋಡೆಯೇ ಭಾರ ಹೊರಬೇಕಾದರೆ ಮಹಡಿ ಏರಿದಂತೆ ಬುಡ ದಪ್ಪವಾಗುತ್ತಲೇ ಹೋಗಬೇಕು. ಶಿಕಾಗೊದಲ್ಲೇ 1891ರಲ್ಲಿ ಮುಗಿದ ಮೊನಾಡ್ನಾಕ್ ಕಟ್ಟಡದ 16 ಮಹಡಿ ಹೊರಲು ಬುಡದ ಗೋಡೆ ಆರಡಿ ದಪ್ಪ ಬೇಕಾಯಿತು. ಬಾಡಿಗೆ ತರಬೇಕಾದ ಜಾಗವನ್ನು ಗೋಡೆ ನುಂಗಿತು.

ಜೆನ್ನಿ ಹಿಡಿದ ದಾರಿ ಹೊಳಲ್ಕೆರೆ, ಹೊಸದುರ್ಗದ ಕಡೆಯ ಹಳೇ ಮಾಳಿಗೆ ಮನೆ ಕಂಡವರಿಗೆ ಹೊಸದೇನಲ್ಲ: ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಮರ ಹೋಗಿ ಲೋಹ ಬಂತು, ಅಷ್ಟೆ. ನೆಲ, ಜನ, ಸಾಮಾನು ಎಲ್ಲದರ ಭಾರ ತೊಲೆಯಿಂದ ಕಂಬಕ್ಕೆ, ಕಂಬದಿಂದ ಪಾಯಕ್ಕೆ ಇಳಿಯುತ್ತದೆ. ಗೋಡೆಗೆ ಗಾಳಿಮಳೆ ತಡೆಯುವ ಕೆಲಸವಷ್ಟೇ ಉಳಿದರೆ ಕಿಟಕಿಯನ್ನು ಎಷ್ಟು ಅಗಲ ಬೇಕಾದರೂ ಇಡಬಹುದು. ಎರಕದ ಕಬ್ಬಿಣ ಒತ್ತಿದರೆ ತಾಳುತ್ತದೆ, ಬಾಗಿಸಿದರೆ ಮುರಿಯುತ್ತದೆ. ಉಕ್ಕು ಎರಡಕ್ಕೂ ಜಗ್ಗದು. ಉಕ್ಕು ತಯಾರಿಸುವ ಬೆಸೆಮರ್ ವಿಧಾನ ಬಂದ ಮೇಲೆ ಅದು ಅಗ್ಗವೂ ಆಗಿತ್ತು. ಬಿಸಿಗೆ ಮಾತ್ರ ಮೆತ್ತಗಾಗುತ್ತದೆ. 1871ರ ಮಹಾ ಬೆಂಕಿ ಕಂಡಿದ್ದ ಶಿಕಾಗೊದಲ್ಲಿ ಲೋಹಕ್ಕೆ ಸುಟ್ಟ ಮಣ್ಣಿನ ಬಿಲ್ಲೆ ಹೊದಿಸುತ್ತಿದ್ದರು.

ಆದರೂ ಜೆನ್ನಿ ಉಕ್ಕು ಬಳಸಿದ್ದು ಮೇಲಿನ ಮಹಡಿಗಳ ತೊಲೆಗಷ್ಟೇ. ಕೆಲವು ಗೋಡೆಗಳು ಇನ್ನೂ ಭಾರ ಹೊರುತ್ತಿದ್ದವು. ಹಾಗಾಗಿ ಹೋಮ್ ಇನ್ಶೂರೆನ್ಸ್ ಕಟ್ಟಡಕ್ಕೆ ಸಿಕ್ಕ 'ಮೊದಲ ಗಗನಚುಂಬಿ' ಎಂಬ ಬಿರುದು ನನಗೆ ಸ್ವಲ್ಪ ಧಾರಾಳವೆನಿಸುತ್ತದೆ. ಆ ಕಟ್ಟಡವನ್ನು 1931ರಲ್ಲಿ ಕೆಡವಿದರು.

ಚಿತ್ರದುರ್ಗದಲ್ಲಿ ಈಗ ಏಳುವ ಕಾಂಪ್ಲೆಕ್ಸುಗಳಲ್ಲೂ ಮೊದಲು ಪಿಲ್ಲರ್, ಬೀಮ್, ಇಟ್ಟಿಗೆ ಆಮೇಲೆ. ಉಕ್ಕು ಕಾಂಕ್ರೀಟಿನೊಳಗೆ ಸರಳಾಗಿ ಅಡಗಿರುತ್ತದೆ. ಅಂಥ ಕಡೆ ಅಂಗಡಿ ಅಗಲ ಮಾಡಲು ನಡುವಿನ ಇಟ್ಟಿಗೆ ಗೋಡೆ ಒಡೆಯಬಹುದು, ಪಿಲ್ಲರ್ ಮುಟ್ಟುವಂತಿಲ್ಲ. ಹಳೇ ಕಲ್ಲುಗೋಡೆ ಮನೆಯಲ್ಲಿ ಬಾಗಿಲು ಅಗಲ ಮಾಡಬೇಕಾದರೂ ಮೊದಲು ಮೇಲಿನ ತೊಲೆಗೆ ಆಸರೆ ಕೊಡಬೇಕು.