ಲಂಗರು ನೆಲ ಹಿಡಿಯುವ ಬಗೆ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಂದು ಲೇಖನ ಬೇಕೆಂದು ಹಳೆಯ ವಿದ್ಯಾರ್ಥಿಗಳು ಕೇಳಿದಾಗ, ತರಗತಿಯಲ್ಲಿ ನಾನೆಂದೂ ಕಲಿಸದ, ಆದರೆ ನೀರಿನ ಮೇಲೆ ನಾನೇ ಕಲಿತ ಒಂದು ಪಾಠ ನೆನಪಾಯಿತು.

1978ರ ಒಂದು ರಜಾದಿನ ಎಂಟು ಮಂದಿ ಮಕ್ಕಳನ್ನು ಚಂದ್ರಗಿರಿ ಹೊಳೆಯಲ್ಲಿ ದೋಣಿವಿಹಾರಕ್ಕೆ ಕರೆದೊಯ್ದಿದ್ದೆ. ಬುತ್ತಿ ಉಣ್ಣಲೆಂದು ಅಳಿವೆಯ ಸಮೀಪ ಲಂಗರು ಇಳಿಸಿದೆ. ನೀರಿನ ಆಳ ಸುಮಾರು 3 ಮೀಟರು. ನಾನು ಬಿಟ್ಟ ಹಗ್ಗ 5 ಮೀಟರು. ಲಂಗರು ತಳ ಮುಟ್ಟಿತಲ್ಲ, ಇನ್ನೇನು ಬೇಕು ಎಂದು ಭಾವಿಸಿದೆ. ಉಳಿದ ಹಗ್ಗ ದೋಣಿಯೊಳಗೆ ಸುರುಳಿಯಾಗಿಯೇ ಬಿದ್ದಿತ್ತು. ಇಳಿತ ಆರಂಭವಾಗಿ ಸೆಳೆತ ಬಲಿಯುತ್ತಲೇ ದೋಣಿ ಲಂಗರನ್ನು ಎಳೆದುಕೊಂಡು ಕಡಲಿನತ್ತ ಸರಿಯತೊಡಗಿತು. ದಡದಲ್ಲಿದ್ದ ಹಿರಿಯ ಮೀನುಗಾರರೊಬ್ಬರು ತಮ್ಮ ದೋಣಿಯಲ್ಲಿ ಧಾವಿಸಿ ಬಂದು, ಆ ಸುರುಳಿಯನ್ನೆಲ್ಲ ನೀರಿಗೆ ಬಿಟ್ಟರು. ಅದೇ ಲಂಗರು ಈಗ ನೆಲ ಹಿಡಿಯಿತು. “ಲಂಗರಿನ ತಪ್ಪಲ್ಲ ಮಾಷ್ಟ್ರೇ, ನೀವು ಹಗ್ಗದಲ್ಲಿ ಜಿಪುಣತನ ಮಾಡಿದಿರಿ” ಎಂದರು.

ಇದರ ಮರ್ಮ ಇಷ್ಟೇ: ಸಣ್ಣ ದೋಣಿಯ ಲಂಗರು ಕೇವಲ ತನ್ನ ಭಾರದಿಂದ ದೋಣಿಯನ್ನು ನಿಲ್ಲಿಸುವುದಿಲ್ಲ, ನೆಲದೊಳಗೆ ಹೂತುಕೊಂಡು ನಿಲ್ಲಿಸುತ್ತದೆ. ಎಳೆತವು ನೆಲಕ್ಕೆ ಸಮಾಂತರವಾಗಿದ್ದರೆ ಅದರ ಕೊಕ್ಕೆ ನೇಗಿಲ ಗುಳದಂತೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಎಳೆತ ಮೇಲ್ಮುಖವಾದರೆ ಕಿತ್ತುಬರುತ್ತದೆ. ಹಗ್ಗ ಉದ್ದವಾದಷ್ಟೂ ಎಳೆತ ನೆಲಕ್ಕೆ ಸಮೀಪಿಸುತ್ತದೆ. ಲಂಗರಿನ ಬಳಿ ಕೆಲವು ಮೀಟರು ಕಬ್ಬಿಣದ ಸರಪಳಿ ಸೇರಿಸಿದರೆ ಅದರ ಭಾರವೂ ಇದಕ್ಕೆ ನೆರವಾಗುತ್ತದೆ. ಕಲ್ಲಿಗೆ ಉಜ್ಜಿ ಹಗ್ಗ ಸವೆಯುವುದೂ ತಪ್ಪುತ್ತದೆ. ಹಗ್ಗಕ್ಕೆ ನೈಲಾನ್ ಉತ್ತಮ, ಏಕೆಂದರೆ ಅದು ತುಸು ಹಿಗ್ಗಿ ಅಲೆಯ ಜಗ್ಗಾಟವನ್ನು ತಾಳಿಕೊಳ್ಳುತ್ತದೆ.

ಹಗ್ಗದ ಲೆಕ್ಕ ಸುಲಭ. ನೀರಿನ ಆಳ 3 ಮೀಟರು, ಉಬ್ಬರದಲ್ಲಿ ಏರಬಹುದಾದ ನೀರು 1 ಮೀಟರು, ನೀರಿನಿಂದ ದೋಣಿಯ ಮುಂತುದಿಯ ಎತ್ತರ 1 ಮೀಟರು ಎಂದಿರಲಿ. ಒಟ್ಟು 5 ಮೀಟರು. ಶಾಂತ ಹವೆಯಲ್ಲಿ ಇದರ ಐದು ಪಾಲು, ಅಂದರೆ 25 ಮೀಟರು ಹಗ್ಗ ಬಿಡಬೇಕು. ಗಾಳಿ ಜೋರಾಗಿದ್ದರೆ ಅಥವಾ ರಾತ್ರಿ ತಂಗುವುದಾದರೆ ಏಳು ಪಾಲು, 35 ಮೀಟರು. ಉಬ್ಬರದ ನೀರನ್ನೂ ಮುಂತುದಿಯ ಎತ್ತರವನ್ನೂ ಮರೆಯುವವರೇ ಹೆಚ್ಚು.

ನೆಲವನ್ನೂ ಆರಿಸಬೇಕು. ಮರಳು, ಗಟ್ಟಿ ಕೆಸರು ಒಳ್ಳೆಯವು. ಜೊಂಡು ಬೆಳೆದಲ್ಲಿ ಕೊಕ್ಕೆ ಒಳಗಿಳಿಯದು; ಬಂಡೆಯ ಸಂದಿನಲ್ಲಿ ಸಿಕ್ಕರೆ ಮೇಲೆ ಬಾರದು. ದೋಣಿ ಲಂಗರಿನ ಸುತ್ತ ತಿರುಗುವುದರಿಂದ ಆ ವೃತ್ತದೊಳಗೆ ಬೇರೆ ದೋಣಿಯಾಗಲಿ ಬಂಡೆಯಾಗಲಿ ಇರಬಾರದು.

ಮೊದಲು ಹಗ್ಗದ ತುದಿಯನ್ನು ದೋಣಿಗೆ ಭದ್ರವಾಗಿ ಕಟ್ಟಿರಿ. ಮುಂತುದಿಯನ್ನು ಗಾಳಿಗೆ ಅಥವಾ ಸೆಳೆತಕ್ಕೆ ಎದುರಾಗಿಸಿ ನಿಲ್ಲಿಸಿರಿ. ಲಂಗರನ್ನು ಎಸೆಯದೆ ಮೆಲ್ಲನೆ ಇಳಿಸಿರಿ. ದೋಣಿ ಹಿಂದಕ್ಕೆ ಸರಿಯುತ್ತಿದ್ದಂತೆ ಹಗ್ಗ ಬಿಡುತ್ತಾ ಹೋಗಿ, ಕೊನೆಗೆ ಬಿಗಿಹಿಡಿದು ಕೊಕ್ಕೆ ಊರುವಂತೆ ಮಾಡಿರಿ. ಹಗ್ಗವನ್ನು ಯಾವಾಗಲೂ ಮುಂತುದಿಗೇ ಕಟ್ಟಬೇಕು. ಹಿಂಭಾಗಕ್ಕೆ ಕಟ್ಟಿದರೆ ಅಲೆ ಒಳನುಗ್ಗಿ ದೋಣಿ ಮುಳುಗೀತು. ಬಳಿಕ ಪಕ್ಕದ ದಡದಲ್ಲಿ ಒಂದರ ಹಿಂದೊಂದು ಕಾಣುವ ಎರಡು ಗುರುತುಗಳನ್ನು, ಉದಾಹರಣೆಗೆ ಒಂದು ತೆಂಗಿನಮರ ಮತ್ತು ಅದರಾಚೆಯ ಮನೆಯನ್ನು, ನೋಡಿಕೊಂಡಿರಿ. ಅವು ಒಂದೇ ಸಮನೆ ಒಂದೇ ದಿಕ್ಕಿಗೆ ಬೇರೆಯಾಗುತ್ತ ಹೋದರೆ ಲಂಗರು ಜಾರುತ್ತಿದೆ ಎಂದರ್ಥ. ಹೊರಡುವಾಗ ದೋಣಿಯನ್ನು ಲಂಗರಿನ ನೇರಕ್ಕೆ ತಂದು ಹಗ್ಗವನ್ನು ಮೇಲಕ್ಕೆತ್ತಿದರೆ ಸಾಕು, ಅದು ಸಡಿಲುತ್ತದೆ. ಅಂದು ತಿಳಿಯದೆ ನಾನು ಮಾಡಿದ್ದೂ ಇದನ್ನೇ!

ಇಂದು ವಲಿಯಪರಂಬದ ಹಿನ್ನೀರಿನಲ್ಲಿ ವಿಹಾರದ ದೋಣಿಗಳು ಓಡಾಡುತ್ತಿವೆ. ನಮ್ಮ ಮಕ್ಕಳು, ಮೊಮ್ಮಕ್ಕಳು ಅವುಗಳಲ್ಲಿ ಹೋಗುತ್ತಿದ್ದಾರೆ. ತೇಲು ಅಂಗಿ ತೊಟ್ಟು ಕುಳಿತ ಮೇಲೆ ಲಂಗರಿನ ಹಗ್ಗದ ಕಡೆಗೂ ಒಮ್ಮೆ ಕಣ್ಣು ಹಾಯಿಸಲಿ. ಆ ಎಂಟು ಮಕ್ಕಳಲ್ಲಿ ಕೆಲವರು ಇಂದು ದೂರದ ಊರುಗಳಲ್ಲಿದ್ದು, ಈ ಪುಟವನ್ನು ಓದಬಹುದು. ಅಂದು ನಾನು ಹೆದರಲಿಲ್ಲವೆಂದು ಅವರಿಗೆ ಹೇಳಿದ್ದೆ. ಅದು ನಿಜವಲ್ಲ. ಐವತ್ತನೆಯ ವರ್ಷದಲ್ಲಾದರೂ ಒಪ್ಪಿಕೊಳ್ಳುತ್ತೇನೆ.