ಅಂಟುಪಟ್ಟಿಯೂ ಚರ್ಮವೂ

ಗಾಯಕ್ಕೆ ಹಚ್ಚಿದ ಅಂಟುಪಟ್ಟಿಯನ್ನು ಒಂದೇ ಸೆಳೆತಕ್ಕೆ ಕಿತ್ತುಬಿಡುವುದು ನಮ್ಮೆಲ್ಲರ ರೂಢಿ. ನೋವು ಬೇಗ ಮುಗಿಯುತ್ತದೆ, ನಿಜ. ಚರ್ಮದ ಲೆಕ್ಕವೇ ಬೇರೆ. ಅಂಟು ಅರೆದ್ರವ, ಅರೆಘನ. ಎಳೆತದ ವೇಗ ಹೆಚ್ಚಿದಷ್ಟೂ ಅದರ ಹಿಡಿತ ಬಿಗಿಯಾಗುತ್ತದೆ. ಚರ್ಮದ ಮೇಲ್ಗವಚವೋ ಮಿಲಿಮೀಟರಿನ ಸುಮಾರು 50ನೆಯ ಒಂದು ಭಾಗದಷ್ಟೇ ದಪ್ಪ. ಅಂಟು ಬಿಡದೆಡೆಯಲ್ಲಿ ಈ ಕವಚದ ಕೋಶಗಳೇ ಪಟ್ಟಿಯೊಡನೆ ಕಿತ್ತುಬರುತ್ತವೆ.

ನಮಗೆ ಇದು ಎಂದೋ ಒಮ್ಮೆ ಒದಗುವ ಉರಿ. ಆದರೆ ಕರುಳಿನ ಶಸ್ತ್ರಚಿಕಿತ್ಸೆಯಾಗಿ, ಹೊಟ್ಟೆಯ ಮೇಲೆ ಮಾಡಿದ ದ್ವಾರದಿಂದ ಮಲವನ್ನು ಚೀಲದಲ್ಲಿ ಹಿಡಿಯಬೇಕಾದವರು ಚೀಲದ ಅಂಟುಬಿಲ್ಲೆಯನ್ನು ಕೆಲವು ದಿನಗಳಿಗೊಮ್ಮೆ ಅದೇ ಸ್ಥಳದಿಂದ ಬಿಡಿಸಲೇಬೇಕು. ಚರ್ಮ ಸುಲಿದರೆ ಬಿಲ್ಲೆ ನಿಲ್ಲದು; ಸಂದಿನಲ್ಲಿ ಸೋರಿದ ಜೀರ್ಣರಸ ಹುಣ್ಣನ್ನು ಬೆಳೆಸುತ್ತದೆ.

ಕೆಂಪಾದುದೆಲ್ಲ ಅಲರ್ಜಿಯಲ್ಲ. ಅಲರ್ಜಿಯು ಸಾಮಾನ್ಯವಾಗಿ ಒಂದೆರಡು ದಿನ ತಡೆದು, ತುರಿಕೆಯೊಡನೆ ಏಳುತ್ತದೆ. ಹಳೆಯ ಬಗೆಯ ರಬ್ಬರು ಅಂಟಿನಲ್ಲಿ ಬೆರೆಯುವ ಪೈನ್ ಮರದ ರಾಳ ಕೆಲವರಿಗೆ ಹೀಗೆ ಒಗ್ಗದು. ಸುಲಿದ ಚರ್ಮವಾದರೆ ಪಟ್ಟಿ ತೆಗೆದ ಕೂಡಲೇ ಉರಿಯುತ್ತದೆ.

ತೆಗೆಯುವಾಗ ಬೆರಳಿನಿಂದ ಚರ್ಮವನ್ನು ಒತ್ತಿಹಿಡಿದು, ಪಟ್ಟಿಯನ್ನು ಹಿಂದಕ್ಕೆ ಮಡಿಸಿ, ಚರ್ಮಕ್ಕೆ ಸಮಾಂತರವಾಗಿ ಮೆಲ್ಲನೆ ಎಳೆಯಬೇಕು. ಸರಳ ಗಣಿತದಂತೆ, ನೆಟ್ಟಗೆ ಮೇಲಕ್ಕೆಳೆಯಲು ಬೇಕಾದ ಬಲದ ಅರ್ಧವೇ ಇಲ್ಲಿ ಸಾಕು. ಸಂದೇಹವಿದ್ದವರು ಅಂಟುಪಟ್ಟಿಯನ್ನು ಮೇಜಿಗೆ ಹಚ್ಚಿ, ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡಬಹುದು.