ವೈಶಾಖದ ಬುಟ್ಟಿ

ಪೇಟೆಗೆ ಹೋಗಿ ಬೇಕಾದ ಕಾಯಿಪಲ್ಲೆಯನ್ನು ಆರಿಸಿ ಕೊಳ್ಳುವುದು ನಮಗೆಲ್ಲ ರೂಢಿಯಾದ ಪದ್ಧತಿ. ಹಂಗಾಮಿನ ಮೊದಲಿಗೇ ರೈತನಿಗೆ ಹಣ ಕೊಟ್ಟು, ಅವನ ಹೊಲ ಕೊಟ್ಟದ್ದನ್ನು ವಾರಕ್ಕೊಮ್ಮೆ ಬುಟ್ಟಿಯಲ್ಲಿ ಪಡೆಯುವುದು ಇನ್ನೊಂದು ಪದ್ಧತಿ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಇಂಡಿಯನ್ ಲೈನ್ ಎಂಬ ತೋಟದಲ್ಲಿ ರಾಬಿನ್ ವ್ಯಾನ್ ಎನ್ ಎಂಬಾಕೆಯೂ ಅವರ ಸಂಗಡಿಗರೂ 1986ರಲ್ಲಿ ಇದನ್ನು ನಡೆಸಿ ತೋರಿಸಿದರು. ಬೆಳೆ ಹೆಚ್ಚಿದರೆ ಎಲ್ಲರಿಗೂ ಹೆಚ್ಚು, ಕೆಟ್ಟರೆ ಎಲ್ಲರಿಗೂ ಕಡಮೆ, ಇದೇ ಒಪ್ಪಂದ. ಮುಂಬಯಿ, ಪುಣೆಗಳ ಸುತ್ತಲೂ ಇಂದು ವಾರದ ಬುಟ್ಟಿ ಕಳುಹಿಸುವ ತೋಟಗಳುಂಟು. ಒಪ್ಪಂದದ ನಿಜವಾದ ಪರೀಕ್ಷೆ ನಡೆಯುವುದು ಮಾತ್ರ ಎಪ್ರಿಲ್, ಮೇ ತಿಂಗಳುಗಳಲ್ಲಿ.

ಪುಣೆಯ ಹೊರವಲಯದ ಒಂದೆರಡು ಎಕರೆಯ ತೋಟವನ್ನು ನೆನೆಯಿರಿ. ಬಿಸಿಲೇರುವ ಮೊದಲೇ ಕೊಯ್ಲು ಮುಗಿಯಬೇಕು. ದಂಟು, ಹರಿವೆ ಸೊಪ್ಪುಗಳನ್ನು ಕಿತ್ತು, ಕಟ್ಟು ಕಟ್ಟಿ, ಕೂಡಲೆ ಒದ್ದೆ ಗೋಣಿಯಡಿ ಇಡಬೇಕು. ಒಂದು ಗಂಟೆ ತಡವಾದರೂ ಬಾಡಿಹೋಗುತ್ತದೆ. ಬೆಂಡೆಯ ಸಾಲಿಗೆ ದಿನ ಬಿಟ್ಟು ದಿನ ಹೋಗಲೇಬೇಕು. ಹೂ ಬಿಟ್ಟ ಐದಾರು ದಿನಗಳಿಗೆ ಕಾಯಿ ಎಳೆಯದಾಗಿ ಸಿಗುತ್ತದೆ. ಅನಂತರ ಅದು ನಾರು. ಬಲಿತ ಕಾಯಿ ಗಿಡದಲ್ಲಿ ಉಳಿದರೆ ಹೊಸ ಕಾಯಿ ಹಿಡಿಯುವುದೂ ಕುಗ್ಗುತ್ತದೆ. ಅದರ ಸಣ್ಣ ಮುಳ್ಳುಗೂದಲಿನಿಂದ ಕೈ ನವೆಯಾಗುವುದರಿಂದ, ಆ ಸೆಖೆಯಲ್ಲೂ ತುಂಬುತೋಳಿನ ಅಂಗಿಯೇ ಗತಿ! ಮೇಲಾಗಿ ಹನಿ ನೀರಾವರಿಯ ಕಟ್ಟಿದ ತೂತುಗಳನ್ನು ಬಿಡಿಸಬೇಕು, ಬುಡಕ್ಕೆ ಕಬ್ಬಿನ ರವದಿಯನ್ನು ಹೊದಿಸಿ ತೇವ ಕಾಯಬೇಕು.

ಇಷ್ಟು ದುಡಿದರೂ ಬುಟ್ಟಿ ತುಸು ಬಡವಾಗುತ್ತದೆ. ಉಷ್ಣತೆ 35 ಡಿಗ್ರಿ ದಾಟಿದರೆ ಟೊಮೆಟೊ ಹೂ ಕಾಯಿಕಟ್ಟದೆ ಉದುರುವುದೇ ಹೆಚ್ಚು. ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂವಿಗೆ ಬರುತ್ತದೆ. ಹೀರೆ ಬಳ್ಳಿಯಲ್ಲಿ ಗಂಡುಹೂಗಳೇ ಮೆರೆಯುತ್ತವೆ. ಆದುದರಿಂದ ವಾರ ವಾರವೂ ಬೆಂಡೆ, ಚವಳಿಕಾಯಿ, ಸೋರೆ! "ಮತ್ತೆ ಇದೇ ಏನು?" ಎಂದು ಮನೆಯಲ್ಲಿ ಮುಖ ಸಿಂಡರಿಸುವವರಿಗೆ ಗೃಹಿಣಿಯರು ಉತ್ತರ ಬಲ್ಲರು. ಧಾರವಾಡದ ಕಡೆಯ ಚವಳಿಕಾಯಿ, ಮೈಸೂರಿನವರ ಗೋರಿಕಾಯಿ, ಎರಡೂ ಒಂದೇ. ಅದನ್ನು ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಗ್ಯಾಲರಿಯ ಬಿಸಿಲಿಗೆ ಒಣಗಿಸಿದರೆ ಮಳೆಗಾಲಕ್ಕೆ ಬಾಳಕ ಸಿದ್ಧ.

ಇನ್ನೊಂದು ತೊಡಕು ನಮ್ಮಂಥವರದೇ. ಶಾಲೆಗೆ ರಜೆಯಾಯಿತೆಂದರೆ ಹುಬ್ಬಳ್ಳಿಗೋ ಉಡುಪಿಗೋ ಹೊರಡುತ್ತೇವೆ. ಹೊರಡುವಾಗ ಹಾಲಿನವನಿಗೆ, ಪೇಪರಿನವನಿಗೆ "ಒಂದು ತಿಂಗಳು ಬೇಡ" ಎನ್ನುವುದು ವಾಡಿಕೆ. ಬುಟ್ಟಿಯ ರೈತನನ್ನು ಆ ಪಟ್ಟಿಗೆ ಸೇರಿಸಬಾರದು. ನಾವು ಊರಿಗೆ ಹೋದೆವೆಂದು ಬೆಂಡೆ ಕಾಯುವುದಿಲ್ಲ. ನಮ್ಮ ಪಾಲೆಂದು ಬೆಳೆದದ್ದನ್ನು ಅವನು ಸಿಕ್ಕ ಬೆಲೆಗೆ ಮಾರಬೇಕಾಗುತ್ತದೆ. ಮಳೆಗಾಲದ ಬೀಜ ಗೊಬ್ಬರಕ್ಕೆ ಅವನಿಗೆ ಹಣ ಬೇಕಾಗುವುದೂ ಅದೇ ತಿಂಗಳಿನಲ್ಲಿ.

ಉಪಾಯ ಕಷ್ಟದ್ದಲ್ಲ. ವಾರ ಮುಂಚೆ ತಿಳಿಸಿ, ಬುಟ್ಟಿಯನ್ನು ನೆರೆಮನೆಯವರಿಗೆ ಒಪ್ಪಿಸಿ ಹೋಗೋಣ. ಆಗಸ್ಟಿನಲ್ಲಿ ಬುಟ್ಟಿ ತುಂಬಿ ಬಂದಾಗ ಹಿಗ್ಗುವ ನಾವು, ಮೇ ತಿಂಗಳ ಪಾಲನ್ನೂ ನಮ್ಮದೆನ್ನುವುದೇ ನ್ಯಾಯ.